‘ರೋಗನಿರೋಧಕ ಶಕ್ತಿಯ ದೋಷ’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಕುರಿತು ಜನಸಾಮಾನ್ಯರಿಗಾಗಿ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. (ಅದರ ಕನ್ನಡ ಹೆಸರು ‘ಇಚ್ಚಿತ್ತ ವಿಕಲತೆ’ ಎಂದೊಡನೆ ಓದುಗರು ಎರಡು ವ್ಯಕ್ತಿತ್ವದ ಸಿನಿಮಾ ನಾಯಕನನ್ನು ನೆನೆಯುತ್ತಾರೆ, ಆ ಜಗಳ ಇನ್ನೊಮ್ಮೆ ಆಡೋಣ.) ತೊಡಕಿರುವುದು ಬೇರೆಡೆ, ಕಾಯಿಲೆಯ ಹಿಂದಿನ ಸಂಗತಿಗಳನ್ನು ಕನ್ನಡದಲ್ಲಿ ಏನೆಂದು ಕರೆಯುವುದು ಎಂಬಲ್ಲಿ.

ದೇಹದ ರಕ್ಷಣಾ ವ್ಯವಸ್ಥೆಗೆ ಸೇರಿದ ಸಿ4 ಎಂಬ ಪ್ರೋಟೀನು ರೋಗಾಣುಗಳ ಮೇಲೆ ಗುರುತು ಹಾಕಿ, ಅವುಗಳನ್ನು ತೊಲಗಿಸಲು ನೆರವಾಗುತ್ತದೆ. ಮಿದುಳಿನಲ್ಲಿ ನರಕೋಶಗಳು ಕೂಡುವ ಕೆಲವು ಜಾಗಗಳಿಗೂ ಇಂಥದೇ ಗುರುತು ಬೀಳುತ್ತದೆ. ಮೈಕ್ರೋಗ್ಲಿಯಾ ಎಂಬ, ಮಿದುಳಿನ ರಕ್ಷಣಾ ಕೋಶಗಳು ಅವನ್ನು ನುಂಗುತ್ತವೆ. ಗಿಡದ ಕೊಂಬೆ ಸವರಿದಂತೆ, ಬೆಳೆಯುವ ವಯಸ್ಸಿನಲ್ಲಿ ಎಲ್ಲರಲ್ಲೂ ನಡೆಯುವ ಸವರುವಿಕೆ ಇದು. ಸಿ4 ಹೆಚ್ಚು ತಯಾರಾಗುವಂಥ ಜೀನ್ ಇದ್ದವರಲ್ಲಿ ಸ್ಕಿಜೋಫ್ರೇನಿಯಾದ ಸಾಧ್ಯತೆ ತುಸು ಹೆಚ್ಚೆಂದು ಅಮೆರಿಕದ ಸಂಶೋಧಕರು 2016ರಲ್ಲಿ ತೋರಿಸಿದರು. ಸವರುವಿಕೆ ಮಿತಿಮೀರುತ್ತದೆ ಎಂಬುದು ಅವರ ತರ್ಕ.

ಇದನ್ನು ‘ರೋಗನಿರೋಧಕ ಶಕ್ತಿಯ ದೋಷ’ ಎಂದು ಬರೆದರೆ, ಶಕ್ತಿ ಕುಂದಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಕೊರೊನಾ ಕಾಲದ ನಂತರವಂತೂ ‘ಶಕ್ತಿ’ಯ ಬೆನ್ನಿಗೇ ಕಷಾಯ ಬಂದುಬಿಡುತ್ತದೆ! ಈ ತರ್ಕ ಹೇಳುವುದು ಅದರ ತದ್ವಿರುದ್ಧ, ಅತಿ ಚಟುವಟಿಕೆ. ಹಾಗಾಗಿ ‘ದೇಹದ ರಕ್ಷಣಾ ವ್ಯವಸ್ಥೆಯ ಏರುಪೇರು’ ಎಂದು ಬರೆದುಕೊಂಡಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ.

ಇನ್ನೊಂದು, ‘ಹೆರಿಗೆ ತೊಡಕು’. ಮಗುವಿಗೆ ಆಮ್ಲಜನಕ ಸಾಲದಿರುವುದು, ತೂಕ ಕಡಿಮೆಯಿರುವುದು, ತುರ್ತು ಸಿಸೇರಿಯನ್, ಇವೆಲ್ಲ ಮುಂದೆ ಈ ಕಾಯಿಲೆಯ ಸಾಧ್ಯತೆಯನ್ನು ಅಷ್ಟಿಷ್ಟು ಹೆಚ್ಚಿಸುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನಲ್ಲಿ ಬರಗಾಲ ಬಿಗಿಯಾಗಿದ್ದಾಗ ಗರ್ಭದಲ್ಲಿ ಮೂಡಿದವರಲ್ಲಿ ಈ ಕಾಯಿಲೆ ಸುಮಾರು ಎರಡು ಪಟ್ಟು ಕಂಡಿತು. ಇದು ಹೆರಿಗೆಗೂ ಬಹಳ ಮುಂಚಿನ ಸಂಗತಿ. ಆದ್ದರಿಂದ ‘ಬಸಿರು–ಹೆರಿಗೆಯ ತೊಡಕುಗಳು’ ಎನ್ನುವುದು ಮೇಲೆಂದು ನನ್ನ ಮತ.

ಇವನ್ನು ‘ಕಾರಣ’ ಎಂದು ಕರೆಯಲು ನನಗೆ ಮನಸ್ಸಿಲ್ಲ. ಇಂಥ ತೊಡಕು ಕಂಡ ಬಹುಪಾಲು ಮಕ್ಕಳಿಗೆ ಈ ಕಾಯಿಲೆ ಬರುವುದೇ ಇಲ್ಲ. ‘ಕಾರಣ’ ಎಂದು ಅಚ್ಚಾದರೆ ಮನೆಯವರ ಬೆರಳು ನೇರವಾಗಿ ತಾಯಿಯ ಕಡೆ ತಿರುಗುತ್ತದೆ. ‘ಅಪಾಯಕಾರಿ ಅಂಶ’ ಎಂದರೆ ಪತ್ರಿಕೆಯ ಹಳಸಲು ವಾಸನೆ. ‘ಸಾಧ್ಯತೆ ಹೆಚ್ಚಿಸುವ ಸಂಗತಿ’ ಎಂಬುದಕ್ಕೆ ಚಿಕ್ಕದಾದ, ದೂಷಣೆಯ ಸೋಂಕಿಲ್ಲದ ಪದ ಯಾರಿಗಾದರೂ ಹೊಳೆಯುತ್ತದೆಯೇ? ಆಸ್ಪತ್ರೆಯಲ್ಲಿ ರೋಗಿಯ ಕಡೆಯವರೊಡನೆ ಕನ್ನಡದಲ್ಲೇ ಮಾತನಾಡುವ ವೈದ್ಯರು ಏನೆನ್ನುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.