ಚೆಳ್ಳುಪನಿ (ಸ್ಕ್ರಬ್ ಟೈಫಸ್, ನುಸಿಯ ಮರಿ ಕಚ್ಚಿ ಬರುವ ಜ್ವರ): ಜ್ವರದ ಮೂರನೇ ದಿನಕ್ಕೆ ಯಾವ ಟೆಸ್ಟ್?

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ಬದಿಯಡ್ಕ): ಡಾಕ್ಟ್ರೇ, ತೋಟದಲ್ಲಿ ಹುಲ್ಲು ಹೆರೆಯುವವರು ಜ್ವರ ಬಂದು ಮೂರ್ನಾಲ್ಕು ದಿನಕ್ಕೇ ಬರುತ್ತಾರೆ. ಆಗ ಐಜಿಎಂ ಎಲೈಸಾ (ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯ ಹುಡುಕುವ ಟೆಸ್ಟ್) ನೆಗೆಟಿವ್, ವಾರ ಕಳೆದು ನೋಡಿದರೆ ಪಾಸಿಟಿವ್. ಕಿಟ್ ಹಾಳಾಗಿದೆಯೇ? ಪಿಸಿಆರ್ (ರೋಗಾಣುವಿನ ಡಿಎನ್‌ಎ ಹೆಚ್ಚಿಸಿ ಹುಡುಕುವ ಟೆಸ್ಟ್) ಶುರು ಮಾಡುವುದಾದರೆ ಯಾವ ಜೀನ್ ಹಿಡಿಯಬೇಕು?

ಉತ್ತರ (ಮೈಕ್ರೊಬಯಾಲಜಿಸ್ಟ್): ಕಿಟ್ ಸರಿಯಾಗಿಯೇ ಇರಬಹುದು, ದಿನ ಬೇಗ ಆಯಿತು. ಐಜಿಎಂ ಸಿಗುವ ಮಟ್ಟಕ್ಕೆ ಏರುವುದು ಮೊದಲ ವಾರ ಮುಗಿಯುತ್ತಾ ಬಂದಾಗ. ಅದಕ್ಕೂ ಮೊದಲು ಹುಡುಕಬೇಕಾದದ್ದು ರೋಗಾಣುವಿನ ಡಿಎನ್‌ಎ. ಹಾಗಾಗಿ ರಿಕ್ವೆಸ್ಟ್ ಫಾರ್ಮಿನಲ್ಲಿ "ಜ್ವರದ ಎಷ್ಟನೇ ದಿನ" ಎಂಬ ಕಾಲಂ ಇರಲೇಬೇಕು. ಅದಿಲ್ಲದೆ ಬಂದ ನೆಗೆಟಿವ್ ರಿಪೋರ್ಟಿಗೆ ಅರ್ಥವಿಲ್ಲ.

ಜೀನಿಗಿಂತ ಮೊದಲು ಸ್ಯಾಂಪಲ್. ಈ ಜ್ವರದ ರೋಗಾಣು ಓರಿಯೆಂಷಿಯಾ ಸುಟ್ಸುಗಾಮುಷಿ ಜೀವಕೋಶದ ಒಳಗೆ ಬದುಕುವ ಬ್ಯಾಕ್ಟೀರಿಯಾ, ಸೀರಂ ತೆಗೆದರೆ ಅದನ್ನು ಚೆಲ್ಲಿದ ಹಾಗೆ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬಿನಲ್ಲಿ 2-3 ಮಿ.ಲೀ. ರಕ್ತ ತೆಗೆದು, ಸೆಂಟ್ರಿಫ್ಯೂಜ್ ಮಾಡಿ, ನಡುವಿನ ಬಿಳಿ ಪದರವನ್ನು (ಬಫಿ ಕೋಟ್) ಎತ್ತಿಕೊಳ್ಳಿ. ಹೆಪಾರಿನ್ ಟ್ಯೂಬ್ ಬೇಡ, ಅದು ಪಿಸಿಆರನ್ನೇ ತಡೆಯುತ್ತದೆ. ನುಸಿ ಕಚ್ಚಿದಲ್ಲಿ ಕಪ್ಪು ಹಕ್ಕಳೆ ಇದ್ದರೆ ಅದಕ್ಕಿಂತ ಒಳ್ಳೆಯ ಸ್ಯಾಂಪಲ್ ಇಲ್ಲ: ಸ್ಟೆರೈಲ್ ಚಿಮಟದಿಂದ ಎತ್ತಿ ಒಣ ಟ್ಯೂಬಿಗೆ ಹಾಕಿ. ಆಂಟಿಬಯಾಟಿಕ್ ಶುರುವಾದ ಮೇಲೆ ರಕ್ತದಲ್ಲಿ ಡಿಎನ್‌ಎ ಬೇಗ ಇಳಿದರೂ ಹಕ್ಕಳೆಯಲ್ಲಿ ಕೆಲವು ದಿನ ಸಿಗುತ್ತದೆ.

ಜೀನ್: 56 ಕಿಲೋಡಾಲ್ಟನ್ ಪ್ರೋಟೀನಿನದ್ದು ತಳಿಯಿಂದ ತಳಿಗೆ (ಕಾರ್ಪ್, ಗಿಲಿಯಮ್, ಕಾಟೋ) ಬಹಳ ಬದಲಾಗುತ್ತದೆ. ಪ್ರೈಮರ್ (ಜೀನನ್ನು ಹಿಡಿಯುವ ಡಿಎನ್‌ಎ ತುಣುಕು) ಕೂರದಿದ್ದರೆ ಸುಳ್ಳು ನೆಗೆಟಿವ್. ತಳಿ ಗುರುತಿಸಲು ಅದು ಸರಿ, ರೋಗ ಪತ್ತೆಗೆ 47 ಕಿಲೋಡಾಲ್ಟನ್ ಜೀನಿನ ರಿಯಲ್ ಟೈಮ್ ಪಿಸಿಆರ್ ನನ್ನ ಆಯ್ಕೆ. ಜೊತೆಗೆ ಮನುಷ್ಯರ ಆರ್‌ನೇಸ್-ಪಿ ಜೀನ್ ಓಡಿಸಿ. ಅದೂ ಬರದಿದ್ದರೆ ರಿಪೋರ್ಟ್ "ನೆಗೆಟಿವ್" ಅಲ್ಲ, ಸ್ಯಾಂಪಲ್ ಅಥವಾ ಎಕ್ಸ್‌ಟ್ರಾಕ್ಷನ್ (ಡಿಎನ್‌ಎ ಬೇರ್ಪಡಿಸುವ ಕೆಲಸ) ಕೆಟ್ಟಿದೆ. ನೆಸ್ಟೆಡ್ (ಎರಡು ಸುತ್ತಿನ) ಪಿಸಿಆರ್‌ನಲ್ಲಿ ಮೊದಲ ಸುತ್ತಿನ ಟ್ಯೂಬ್ ತೆರೆಯಲೇಬೇಕು. ಒಂದೇ ಕೋಣೆಯ ಲ್ಯಾಬಿನಲ್ಲಿ ಅದರಿಂದ ಡಿಎನ್‌ಎ ಹರಡಿ ಎಲ್ಲವೂ ಪಾಸಿಟಿವ್ ಆಗಲು ಶುರುವಾಗುತ್ತದೆ.

ಸೂಕ್ಷ್ಮತೆ ಅಳೆಯಲು ಪ್ಲಾಸ್ಮಿಡ್ ಕಂಟ್ರೋಲನ್ನು (ಆ ಜೀನ್ ಗೊತ್ತಿರುವ ಪ್ರಮಾಣದಲ್ಲಿರುವ ಡಿಎನ್‌ಎ) ಹತ್ತು ಪಟ್ಟಿನಂತೆ ತೆಳುಮಾಡಿ, ಕೊನೆಯ ಹಂತಗಳನ್ನು 20 ಸಲ ಓಡಿಸಿ. 19ರಲ್ಲಾದರೂ ಸಿಕ್ಕುವ ಕನಿಷ್ಠ ಪ್ರಮಾಣವೇ ನಿಮ್ಮ ಮಿತಿ. ಇಲಿಜ್ವರ, ಡೆಂಗಿ, ಟೈಫಾಯ್ಡ್, ಮಲೇರಿಯ ಖಚಿತವಾದ ಸ್ಯಾಂಪಲ್‌ಗಳಲ್ಲೂ ಪರೀಕ್ಷಿಸಿ. ಮಳೆಗಾಲದಲ್ಲಿ ಇಲ್ಲಿ ಗೊಂದಲವಾಗುವುದು ಇವುಗಳ ಜೊತೆಗೇ.

ಪ್ರಶ್ನೆ (ನರ್ಸ್, ಮಂಜೇಶ್ವರ): ಮೇಡಂ, ಹಕ್ಕಳೆ ಕಾಣುವುದೇ ಇಲ್ಲವಲ್ಲ? ಕೆಲವರು ತೆಂಗಿನ ನುಸಿಯೇ ಕಚ್ಚಿದ್ದು ಅನ್ನುತ್ತಾರೆ.

ಉತ್ತರ: ತೆಂಗಿನ ನುಸಿ ಬೇರೆ ಜಾತಿ, ಮನುಷ್ಯರಿಗೆ ಈ ಜ್ವರ ತರುವುದಿಲ್ಲ. ದನದ ಉಣ್ಣಿಯೂ ಅಲ್ಲ. ಇದು ಪೊದೆ-ಹುಲ್ಲಿನಲ್ಲಿರುವ ನುಸಿಯ ಮರಿ. ಕಚ್ಚಿದ್ದು ನೋಯುವುದಿಲ್ಲ, ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದಲ್ಲಿ ಬಟ್ಟೆ ಬಿಗಿಯುವ ಜಾಗ, ಕಿವಿಯ ಹಿಂದೆ ಬಟ್ಟೆ ಸರಿಸಿ ನೋಡಿ. ಬೆವರುವ ಸಂದಿಯಲ್ಲಿ ಅದು ಕಪ್ಪಗಿರದೆ ಹಸಿ ಹುಣ್ಣಿನಂತಿರಬಹುದು. ಆಗ ಸ್ವಾಬ್ ತೆಗೆಯಿರಿ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ಬದಿಯಡ್ಕ): ಪಿಸಿಆರ್ ಆಗುವವರೆಗೆ ವೀಲ್-ಫೆಲಿಕ್ಸ್ (ಹಳೆಯ ಪ್ರತಿಕಾಯ ಟೆಸ್ಟ್) ಸಾಕೇ?

ಉತ್ತರ: ಬೇಗ ಪತ್ತೆಗೆ ಸಾಲದು. ಅದರಲ್ಲಿ ನೋಡುವ ಓಎಕ್ಸ್-ಕೆ ಟೈಟರ್ (ಪ್ರತಿಕಾಯದ ಮಟ್ಟ) ಏರುವುದು ಎರಡನೇ ವಾರದಲ್ಲಿ, ಅದೂ ಎಲ್ಲರಲ್ಲಿ ಅಲ್ಲ. ಎಲೈಸಾ ಇಟ್ಟುಕೊಳ್ಳಿ, ಆದರೆ ಕಟ್-ಆಫ್ ಅನ್ನು ಈ ಊರಿನ ಆರೋಗ್ಯವಂತರ ಸೀರಂನಲ್ಲಿ ನೋಡಿ ನಿಗದಿಮಾಡಿ. ಹಿಂದೆ ಬಂದು ಹೋದ ಸೋಂಕಿನ ಐಜಿಎಂ ತಿಂಗಳುಗಟ್ಟಲೆ ಉಳಿಯುತ್ತದೆ. ಸಂಶಯವಿದ್ದರೆ ಎರಡು ವಾರದ ಅಂತರದಲ್ಲಿ ಜೋಡಿ ಸೀರಂ ಕಳಿಸಿ. ಟೈಟರ್ ನಾಲ್ಕು ಪಟ್ಟು ಏರಿದರೆ ಖಚಿತ. ರಿಪೋರ್ಟಿಗಾಗಿ ಡಾಕ್ಸಿಸೈಕ್ಲಿನ್ (ಈ ಜ್ವರಕ್ಕೆ ಕೊಡುವ ಆಂಟಿಬಯಾಟಿಕ್) ತಡೆಹಿಡಿಯಬೇಡಿ ಎಂದು ವಾರ್ಡಿಗೆ ಹೇಳಿ. ಮೊದಲ ಡೋಸಿಗೆ ಮುಂಚೆ ಒಂದು ಇಡಿಟಿಎ ಟ್ಯೂಬ್ ತೆಗೆದಿಟ್ಟುಕೊಂಡರೆ ಸಾಕು.