ಕ್ಷಮಿಸಿದ ಮೇಲೆ ಸಾಲವನ್ನು ಕೇಳಬಹುದೇ?

ಪ್ರಶ್ನೆ (ಹೊಲಿಗೆ ಅಂಗಡಿಯವಳು)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಹೊಲಿಗೆ ಅಂಗಡಿ ನಡೆಸಿಕೊಂಡು ಬಂದಿರುವ ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವಳು. ನನ್ನ ಯಜಮಾನರು ತೀರಿಕೊಂಡು ಆರು ವರ್ಷಗಳಾದವು. ಎರಡು ವರ್ಷಗಳ ಹಿಂದೆ ಅವರ ಹಳೆಯ ಸ್ನೇಹಿತರೊಬ್ಬರು, ನಮ್ಮ ಸಭೆಯವರೇ, ಸರಕು ಗಾಡಿ ಕೊಳ್ಳಲು ಹಣ ಸಾಲದೆಂದು ಹೇಳಿ, ಮಗಳ ನರ್ಸಿಂಗ್ ಕಾಲೇಜಿಗೆಂದು ನಾನು ಕೂಡಿಟ್ಟಿದ್ದ 1,80,000 ರೂಪಾಯಿಗಳನ್ನು ಕೈಗಡವಾಗಿ ತೆಗೆದುಕೊಂಡರು. ಆರು ತಿಂಗಳು ಎಂದದ್ದು ಎರಡು ವರ್ಷವಾಯಿತು. ನಾನು ಬಹಳ ಒತ್ತಾಯಿಸಿದ ಮೇಲೆ ಚೆಕ್ ಕೊಟ್ಟರು. ಖಾತೆಯಲ್ಲಿ ಹಣವಿಲ್ಲವೆಂದು ಅದು ಬ್ಯಾಂಕಿನಿಂದ ಹಿಂದಿರುಗಿತು.

ಚೆಕ್ ಹಿಂದಿರುಗಿದ ಹತ್ತು ದಿನಗಳಿಗೆ ಅವರು ನಮ್ಮ ಕೇರಿಯ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ತಾವು ಹಳೆಯ ಮನುಷ್ಯನಲ್ಲ, ಕರ್ತನು ತಮ್ಮನ್ನು ಕೃಪೆಯಿಂದ ಮುಟ್ಟಿದ್ದಾನೆ ಎಂದು ಕಣ್ಣೀರಿಟ್ಟು ಸಾಕ್ಷಿ ಹೇಳಿದರು. ಮರುದಿನ ಅಂಗಡಿಗೆ ಬಂದು, "ಅಕ್ಕಾ, ದೇವರೇ ನನ್ನನ್ನು ಕ್ಷಮಿಸಿದ್ದಾನೆ, ನೀವೂ ಕ್ಷಮಿಸಿಬಿಡಿ" ಎಂದರು. ಹಣದ ಮಾತು ಮಾತ್ರ ಎತ್ತಲಿಲ್ಲ. ನಾನು "ಆಗಲಿ" ಎಂದೆ. ಬೇರೆ ಏನು ಹೇಳಬೇಕೋ ಆ ಗಳಿಗೆಯಲ್ಲಿ ತೋಚಲಿಲ್ಲ. ಈಗ ಸಭೆಯ ಇಬ್ಬರು ಹಿರಿಯರು, "ಕ್ಷಮಿಸಿದ ಮೇಲೆ ಲೆಕ್ಕ ಎಲ್ಲಿಯದಮ್ಮಾ?" ಎನ್ನುತ್ತಿದ್ದಾರೆ. ವಕೀಲರು ಮಾತ್ರ ನೋಟಿಸ್ ಕಳುಹಿಸಲು ಇನ್ನು ಹನ್ನೆರಡು ದಿನಗಳಷ್ಟೇ ಉಳಿದಿವೆ ಎಂದು ಎಚ್ಚರಿಸಿದ್ದಾರೆ.

ಹೋದ ಭಾನುವಾರ ಕರ್ತನ ಭೋಜನವಿತ್ತು (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ). ನಮ್ಮ ಆರಾಧನಾ ಕ್ರಮದಲ್ಲಿ ರೊಟ್ಟಿ ಮುರಿಯುವುದಕ್ಕೆ ಮೊದಲು ಅಯ್ಯನವರು (ಸಭಾಪಾಲಕರು) ಪೀಠದಿಂದ ಸಮಾಧಾನವನ್ನು ಕಳುಹಿಸುತ್ತಾರೆ. ಅದು ಕೈಯಿಂದ ಕೈಗೆ ಸಾಲುಸಾಲಾಗಿ ಹಿಂದಕ್ಕೆ ಬರುತ್ತದೆ. ಅಂದು ನನ್ನ ಕೈಗೆ ಅದನ್ನು ತಂದವರು ಅವರೇ. ಬಲ ಅಂಗೈಯನ್ನು ನನ್ನ ಅಂಗೈಗೆ ಸೇರಿಸಿ, ಎಡಗೈಯಿಂದ ಮುಚ್ಚಿ, "ದೇವರ ಸಮಾಧಾನ" ಎಂದರು. ನಾನೂ ಹಾಗೆಯೇ ಹೇಳಿದೆನಾದರೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು 1,80,000 ಎಂಬ ಅಂಕಿಯೇ. ಆ ಮನಸ್ಸಿನಲ್ಲಿ ನಾನು ರೊಟ್ಟಿಗೆ ಕೈಯೊಡ್ಡಿದ್ದು ಸರಿಯೇ? ಕ್ಷಮಿಸಿದ್ದೇನೆಂದು ಹೇಳಿದವಳು ನೋಟಿಸ್ ಕಳುಹಿಸಿದರೆ ಆ ಮಾತು ಸುಳ್ಳಾಗುವುದಿಲ್ಲವೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ನಿವೃತ್ತ ಶಿಕ್ಷಕ, ಧಾರವಾಡ)

ಸಹೋದರಿಯವರೇ, ನಿಮ್ಮ ಹಿರಿಯರು ಬಹುಶಃ ಮನಸ್ಸಿನಲ್ಲಿಟ್ಟುಕೊಂಡಿರುವುದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಸಾಮ್ಯವನ್ನು, ಅಂದರೆ ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆಯನ್ನು. ಅರಸನಿಗೆ 10,000 ತಲಾಂತು ಸಾಲ ಕೊಡಬೇಕಾಗಿದ್ದ ಆಳಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. ಅವನು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದನು. ಒಂದು ದಿನಾರಿ ಅಂದಿನ ಕೂಲಿಯಾಳಿನ ಒಂದು ದಿನದ ಸಂಬಳ, ಒಂದು ತಲಾಂತು ಸುಮಾರು 6,000 ದಿನಾರಿ. ಅಂದರೆ ಮೊದಲನೆಯವನ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಯಾರಿಂದಲೂ ತೀರಿಸಲಾಗದ ಸಾಲವನ್ನು ದೇವರು ಬಿಟ್ಟುಕೊಟ್ಟನೆಂಬುದೇ ಕೃಪೆಯ ತಿರುಳು. ಆದರೆ ನೂರು ದಿನಾರಿಯ ವಿಷಯದಲ್ಲಿ ಪ್ರಸಂಗಗಳು ಸಾಮಾನ್ಯವಾಗಿ ಎಡವುತ್ತವೆ. ಅದನ್ನು ಚಿಲ್ಲರೆ ಕಾಸು ಎಂಬಂತೆ ಹೇಳಿಬಿಡುತ್ತಾರೆ. ನೂರು ದಿನದ ಕೂಲಿಯೆಂದರೆ ಬಡವನ ಮನೆಯ ಮೂರು ತಿಂಗಳಿಗೂ ಮೀರಿದ ಅನ್ನ. ಯೇಸುಸ್ವಾಮಿ ನೊಂದವರ ನಷ್ಟವನ್ನು ಹಗುರಮಾಡಿ ಹೇಳಲಿಲ್ಲ.

ಆ ಸಾಮ್ಯದಲ್ಲಿ ಇನ್ನೊಂದು ಸಂಗತಿಯಿದೆ. ಇಬ್ಬರು ಸಾಲಗಾರರೂ ಬೇಡಿದ್ದು ಒಂದೇ ಮಾತನ್ನು: ಸ್ವಲ್ಪ ತಾಳಿಕೋ, ಕೊಟ್ಟು ತೀರಿಸುತ್ತೇನೆ. ಇಬ್ಬರೂ ಸಾಲವನ್ನು ಒಪ್ಪಿಕೊಂಡು ಸಮಯ ಕೇಳಿದರು. ಅಷ್ಟನ್ನೂ ಕೊಡಲೊಲ್ಲದೆ ಜೊತೆಯಾಳನ್ನು ಸೆರೆಮನೆಗೆ ಹಾಕಿಸಿದ್ದೇ ಮೊದಲನೆಯವನ ಕ್ರೌರ್ಯ. ನಿಮ್ಮ ಬಳಿಗೆ ಬಂದವರು ತಾಳಿಕೋ ಎಂದೂ ಹೇಳಲಿಲ್ಲ, ತೀರಿಸುತ್ತೇನೆಂದೂ ಹೇಳಲಿಲ್ಲ. ಕೃಪೆಯನ್ನು ಸಾರಿದರು, ಸಾಲವನ್ನು ಮರೆತರು.

ಯೆರಿಕೋ ಊರಿನ ಸುಂಕದವನಾದ ಜಕ್ಕಾಯನನ್ನೂ ನೆನೆಯಿರಿ. ಸ್ವಾಮಿ ಅವನ ಮನೆಗೆ ಹೋಗುವ ಮುನ್ನ ಯಾವ ಷರತ್ತನ್ನೂ ಹಾಕಲಿಲ್ಲ. ಆದರೆ ಅವನು ತಾನಾಗಿಯೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದನು. ಇಂದು ಈ ಮನೆಗೆ ರಕ್ಷಣೆ ಬಂದಿತು ಎಂಬ ಮಾತು ಬರುವುದು ಅದಾದ ಮೇಲೆ. ನಾಲ್ಕರಷ್ಟು ಎಂಬುದು ಅವನ ಬಾಯಿಗೆ ಬಂದ ಲೆಕ್ಕವೂ ಅಲ್ಲ. ಕದ್ದ ಕುರಿಯನ್ನು ಕೊಂದವನು ಅಥವಾ ಮಾರಿದವನು ನಾಲ್ಕು ಕುರಿ ಕೊಡಬೇಕೆಂಬ ನಿಯಮ ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿದೆ. ಕೃಪೆ ಹೊಕ್ಕ ಮನೆಯಲ್ಲಿ ಲೆಕ್ಕದ ಪುಸ್ತಕ ತಾನಾಗಿ ತೆರೆದುಕೊಂಡಿತು. ಆದುದರಿಂದ ನಿಮ್ಮ ಮನಸ್ಸಿನಿಂದ ಹಗೆಯನ್ನು ತೆಗೆದುಹಾಕುವುದು ನಿಮ್ಮ ಕೆಲಸ, ಹಣವನ್ನು ಹಿಂದಿರುಗಿಸುವುದು ಅವರ ಕೆಲಸ. ನೀವು ನಿಮ್ಮದನ್ನು ಮಾಡಿದಿರೆಂಬ ಕಾರಣಕ್ಕೆ ಅವರ ಕೆಲಸ ರದ್ದಾಗುವುದಿಲ್ಲ.

ಉತ್ತರ 2 (ದಕ್ಷಿಣ ಕನ್ನಡದ ಓದುಗಿ)

ಮೇಷ್ಟ್ರು ಹೇಳಿದ್ದರಲ್ಲಿ ಬಹಳಷ್ಟು ನಿಜ. ಆದರೂ ಹಗೆ ಬೇರೆ ಲೆಕ್ಕ ಬೇರೆ ಎಂದು ಅಷ್ಟು ಸಲೀಸಾಗಿ ಗೆರೆ ಎಳೆಯುವುದನ್ನು ನಾನು ಒಪ್ಪಲಾರೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು "ತಪ್ಪು" ಎಂದು ಹೇಳುವ ಕಡೆಯಲ್ಲಿ ಮತ್ತಾಯನ ಗ್ರೀಕ್ ಮೂಲದಲ್ಲಿರುವುದು "ಸಾಲ" ಎಂಬ ಅರ್ಥದ ಪದ. ಲೂಕನು ಅಲ್ಲಿ "ಪಾಪ" ಎಂಬ ಪದವನ್ನು ಬಳಸಿದ್ದಾನೆ. ಸಾಲಗಾರರನ್ನು ಬಿಟ್ಟುಬಿಟ್ಟ ಹಾಗೆ ನಮ್ಮನ್ನು ಬಿಟ್ಟುಬಿಡು ಎಂದು ಪ್ರತಿದಿನ ಬೇಡುವವರು, ಹಣಕ್ಕೂ ಈ ಪ್ರಾರ್ಥನೆಗೂ ಸಂಬಂಧವೇ ಇಲ್ಲವೆಂದು ಹೇಳಲಾಗದು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ, ಸಹೋದರರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದೇ ಸೋಲು, ಅದಕ್ಕಿಂತ ಅನ್ಯಾಯವನ್ನು ಏಕೆ ಸಹಿಸಬಾರದು ಎಂದು ಕೇಳಿರುವುದನ್ನೂ ಪಕ್ಕಕ್ಕೆ ಸರಿಸುವಂತಿಲ್ಲ. (ಅದೇ ಉಸಿರಿನಲ್ಲಿ, ನೀವು ಸಹೋದರರನ್ನೇ ವಂಚಿಸುತ್ತೀರಲ್ಲ ಎಂದು ಇನ್ನೊಂದು ಕಡೆಯವರನ್ನೂ ಅವನು ಗದರಿಸಿದ್ದಾನೆ. ಆ ವಚನವನ್ನು ನಿಮ್ಮ ಹಿರಿಯರು ಓದಿದ್ದಾರೆಯೇ ಎಂದು ಕೇಳಬೇಕು.)

ನನ್ನ ತಮ್ಮ ಅಮ್ಮನ ಎರಡು ಬಳೆಗಳನ್ನು ಒತ್ತೆಯಿಟ್ಟು ಬಿಡಿಸಲೇ ಇಲ್ಲ. ಅವು ನನಗೆ ಬರಬೇಕಾಗಿದ್ದ ಬಳೆಗಳು. ಎಂಟು ವರ್ಷ ಅವನ ಮನೆಯ ಹಬ್ಬಕ್ಕೆ ಹೋಗಿ ಊಟ ಮಾಡಿ ಬಂದೆ. ಪ್ರತಿ ಸಲವೂ ನಾದಿನಿ ಬಡಿಸಲು ಬಂದಾಗ ನನ್ನ ಕಣ್ಣು ಅವಳ ಮುಂಗೈಯ ಮೇಲೆಯೇ ಇರುತ್ತಿತ್ತು. ಒಂದು ಕ್ರಿಸ್‌ಮಸ್ಸಿನ ಮುಂಚಿನ ದಿನ ತಮ್ಮನನ್ನು ಕೂರಿಸಿಕೊಂಡು, ಬಳೆಯ ಆಸೆಯನ್ನು ಬಿಟ್ಟಿದ್ದೇನೆಂದು ಬಾಯಿಬಿಟ್ಟು ಹೇಳಿದೆ. ಅವನು ಅತ್ತ. ಬಳೆ ಬರಲಿಲ್ಲ, ನನ್ನ ಕಣ್ಣಿಗೆ ಮಾತ್ರ ಬಿಡುಗಡೆಯಾಯಿತು. ಆದರೆ ಇದನ್ನು ಹೇಳುವಾಗಲೇ ಒಂದು ಮಾತು ಸೇರಿಸಬೇಕು: ನನಗೆ ಆಗ ಪಿಂಚಣಿ ಬರುತ್ತಿತ್ತು, ಬಿಟ್ಟುಕೊಡುವಷ್ಟು ನನ್ನಲ್ಲಿತ್ತು. ನಿಮ್ಮ ಹಣ ನಿಮ್ಮ ಮಗಳ ಓದಿನದು, ಅದನ್ನು ಬಿಟ್ಟುಕೊಡಲು ನೀವೊಬ್ಬರೇ ಒಡೆಯರಲ್ಲ. ಬಿಡುವುದಾದರೆ ನೀವು ಮನಸಾರೆ ಬಿಡಬೇಕು, ಅಥವಾ ಬಿಡಬಾರದು. ತಮ್ಮ ಕಿಸೆಯಿಂದ ಒಂದು ಕಾಸೂ ಹೋಗದ ಹಿರಿಯರು ನಿಮ್ಮ ಪರವಾಗಿ ಔದಾರ್ಯ ತೋರುವುದು ಸಲ್ಲದು. ಅವರಿಗೆ ಅಷ್ಟು ಮರುಕವಿದ್ದರೆ ಫಿಲೆಮೋನನಿಗೆ ಬರೆದ ಪತ್ರವನ್ನು ತೋರಿಸಿ. ಓಡಿಹೋಗಿದ್ದ ಅವನ ದಾಸ ಒನೇಸಿಮನನ್ನು ಸೇರಿಸಿಕೊಳ್ಳೆಂದು ಕೇಳುವಾಗ ಪೌಲನು, ಅವನು ನಿನಗೇನಾದರೂ ಕೊಡಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಟ್ಟನು.

ಉತ್ತರ 3 (ನ್ಯಾಯಾಲಯದ ಗುಮಾಸ್ತ)

ನಾನು ಕಥೋಲಿಕನು, ಆದುದರಿಂದ ನಿಮ್ಮ ಸಭೆಯ ಶಿಸ್ತಿನ ಬಗ್ಗೆ ಮಾತನಾಡುವುದಿಲ್ಲ. ನಮ್ಮಲ್ಲಿ ಪಾಪನಿವೇದನೆಗೆ ಹೋದವನು ಪಾಪಕ್ಷಮೆಯನ್ನು ಪಡೆದ ಮಾತ್ರಕ್ಕೆ ಕದ್ದ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಪಾಪವು ಕ್ಷಮಿಸಲ್ಪಟ್ಟರೂ ಅದರಿಂದಾದ ಹಾನಿಯನ್ನು ಸಾಧ್ಯವಾದ ಮಟ್ಟಿಗೆ ಸರಿಪಡಿಸಬೇಕು, ಕದ್ದದ್ದನ್ನು ಹಿಂದಿರುಗಿಸಬೇಕು ಎಂಬುದು ಧರ್ಮಸಭೆಯ ಸ್ಪಷ್ಟ ಬೋಧನೆ.

ಇನ್ನು ಕಾನೂನಿನ ವಿಚಾರ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ, ಚೆಕ್ ಹಿಂದಿರುಗಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ಅದು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನಗಳ ಅವಕಾಶವಿರುತ್ತದೆ. ಆಗಲೂ ಕೊಡದಿದ್ದರೆ ಮಾತ್ರ ಮುಂದಿನ ಒಂದು ತಿಂಗಳೊಳಗೆ ದೂರು ದಾಖಲಿಸಬಹುದು. ನೋಟಿಸ್ ಎಂದರೆ ಮೊಕದ್ದಮೆಯಲ್ಲ. ಮೊಕದ್ದಮೆಯಾದರೂ 147ನೇ ಕಲಮಿನಂತೆ ಅದನ್ನು ರಾಜಿ ಮಾಡಿಕೊಳ್ಳಬಹುದು, ಇಂತಹ ಎಷ್ಟೋ ಪ್ರಕರಣಗಳು ಲೋಕ ಅದಾಲತ್‌ನಲ್ಲಿ ಕಂತುಗಳ ಒಪ್ಪಂದದೊಂದಿಗೆ ಮುಗಿಯುತ್ತವೆ. ಅವಧಿ ಮೀರಿತೆಂದರೆ ಈ ದಾರಿ ಕಷ್ಟವಾಗುತ್ತದೆ. ಆದುದರಿಂದ ಕ್ಷಮೆಯ ಬಗ್ಗೆ ಎಷ್ಟು ದಿನ ಬೇಕಾದರೂ ಯೋಚಿಸಿ, ನೋಟಿಸಿನ ಬಗ್ಗೆ ಹನ್ನೆರಡು ದಿನಗಳೊಳಗೆ ನಿರ್ಧರಿಸಿ.

ಶಿಕ್ಷೆಯೂ ಕ್ಷಮೆಯೂ ಒಂದೇ ಕಡೆ ಇರಲಾರವೆಂಬ ಭಾವನೆ ನಿಮ್ಮಲ್ಲಿದ್ದರೆ ಒಂದು ನಿಜ ಘಟನೆಯನ್ನು ಹೇಳುತ್ತೇನೆ. ನಿಮ್ಮ ನಷ್ಟವನ್ನು ಅದಕ್ಕೆ ಹೋಲಿಸುತ್ತಿಲ್ಲ. ಮಧ್ಯಪ್ರದೇಶದ ಇಂದೋರ್ ಕಡೆಯ ಹಳ್ಳಿಗಳಲ್ಲಿ ಬಡವರ ನಡುವೆ ದುಡಿಯುತ್ತಿದ್ದ ಕೇರಳ ಮೂಲದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿಯಲ್ಲಿ ಬಸ್ ಪ್ರಯಾಣದ ನಡುವೆ ಇರಿದು ಕೊಂದರು. ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ಅವರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಅವನಿದ್ದ ಸೆರೆಮನೆಗೇ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮುಂದೆ ಅವನ ಬಿಡುಗಡೆಗೆ ಆ ಕುಟುಂಬವೇ ಒಪ್ಪಿಗೆ ಕೊಟ್ಟಿತು. ಆದರೆ ರಾಖಿ ಕಟ್ಟಿದ ದಿನ ಅವನಿನ್ನೂ ಕೈದಿಯೇ ಆಗಿದ್ದನೆಂಬುದನ್ನು ಗಮನಿಸಿ. ತೀರ್ಪು ಇದ್ದ ಹಾಗೆಯೇ ಇತ್ತು, ಆಕೆ ಅವನನ್ನು ಅಣ್ಣನೆಂದು ಕರೆಯಲು ಅದು ಅಡ್ಡಬರಲಿಲ್ಲ.

ಉತ್ತರ 4 (ನಿವೃತ್ತ ಶಿಕ್ಷಕ, ಧಾರವಾಡ)

ದಕ್ಷಿಣ ಕನ್ನಡದ ಸಹೋದರಿಯವರ ಆಕ್ಷೇಪಣೆಯನ್ನು ಒಪ್ಪುತ್ತೇನೆ. ನಾನು ಎಳೆದ ಗೆರೆ ತುಸು ನೇರವಾಯಿತು. ಕರ್ತನ ಭೋಜನದ ಪ್ರಶ್ನೆಗೆ ಉತ್ತರಿಸುವುದು ಬಾಕಿಯಿದೆ. ಮತ್ತಾಯ 5ನೇ ಅಧ್ಯಾಯದಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂದು ಹೇಳಿರುವುದು ಯಾರಿಗೆ? ತನ್ನ ಮೇಲೆ ಸಹೋದರನಿಗೆ ಏನೋ ದೂರಿದೆ ಎಂದು ನೆನಪಾದವನಿಗೆ. ಅಂದರೆ ಹಣ ಕೊಡಬೇಕಾದವರಿಗೆ. ಅಂದು ಪೀಠದ ಹತ್ತಿರ ಕಾಲು ತಡೆಯಬೇಕಾಗಿದ್ದದ್ದು ನಿಮಗಲ್ಲ. ನಿಮ್ಮ ತಲೆಯಲ್ಲಿ ಅಂಕಿ ಓಡಿತೆಂದು ಸಂಕೋಚಪಡಬೇಡಿ. ಬರಿಗೈಯಲ್ಲಿ ಬಂದವರಿಗೇ ಅಲ್ಲವೇ ಅಲ್ಲಿ ರೊಟ್ಟಿ ಕೊಡುವುದು.

ಇನ್ನು ನಮ್ಮ ಕನ್ನಡದ "ಮನ್ನಿಸು" ಎಂಬ ಮಾತಿಗೆ ಕ್ಷಮಿಸು ಎಂಬ ಅರ್ಥದ ಜೊತೆಗೆ ಗೌರವಿಸು ಎಂಬ ಅರ್ಥವೂ ಇದೆ. ಒಬ್ಬನನ್ನು ಸಾಲ ತೀರಿಸಬಲ್ಲ, ಕೊಟ್ಟ ಮಾತನ್ನು ಉಳಿಸಿಕೊಳ್ಳಬಲ್ಲ ಮನುಷ್ಯನೆಂದು ಕಾಣುವುದೂ ಒಂದು ಬಗೆಯ ಮನ್ನಣೆಯೇ. ಮತ್ತಾಯ 18ರ ಅದೇ ಅಧ್ಯಾಯದಲ್ಲಿ, ಸಾಮ್ಯಕ್ಕಿಂತ ಮೊದಲು, ಮೊದಲು ನೀನೊಬ್ಬನೇ ಹೋಗಿ ಅವನ ತಪ್ಪನ್ನು ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಎಂದಿದೆ. ನೋಟಿಸ್ ಅಂಚೆಯಲ್ಲಿ ಬರುವುದಕ್ಕೆ ಮೊದಲು ಅದು ಬರುತ್ತದೆಂದು ನಿಮ್ಮ ಬಾಯಿಂದಲೇ ಅವರಿಗೆ ಗೊತ್ತಾಗಲಿ.

ಮರುಮಾತು (ಹೊಲಿಗೆ ಅಂಗಡಿಯವಳು)

ಎಲ್ಲರಿಗೂ ಕೃತಜ್ಞತೆಗಳು. ಮಗಳ ಜೊತೆ ಕೂತು ನಿಮ್ಮೆಲ್ಲರ ಉತ್ತರಗಳನ್ನು ಎರಡು ಸಲ ಓದಿದೆ. ಹಣವನ್ನು ಬಿಡುವುದು ಬೇಡವೆಂದು ಅವಳು ಹೇಳಿದಳು. ನನಗೂ ಮನಸಾರೆ ಬಿಡಲು ಆಗುವುದಿಲ್ಲವೆಂಬುದು ಅಂದೇ ಸ್ಪಷ್ಟವಾಯಿತು.

ಒಬ್ಬಳೇ ಅವರ ಮನೆಗೆ ಹೋದೆ. ನಿಮ್ಮ ಮೇಲೆ ನನಗೆ ಕೋಪವಿಲ್ಲವೆಂದರೆ ಸುಳ್ಳಾದೀತು, ಆದರೆ ಅದನ್ನು ಇಟ್ಟುಕೊಳ್ಳಲು ನನಗೆ ಇಷ್ಟವಿಲ್ಲ. ಬುಧವಾರ ವಕೀಲರಿಂದ ಪತ್ರ ಬರುತ್ತದೆ, ತಿಂಗಳಿಗೆ ಇಷ್ಟೆಂದು ನೀವು ಬರೆದುಕೊಟ್ಟರೆ ಅದಕ್ಕಿಂತ ಮುಂದೆ ಹೋಗುವುದಿಲ್ಲ ಎಂದೆ. ಅವರು, "ಸಾಕ್ಷಿ ಹೇಳಿದವನಿಗೆ ಇದೇ ಏನು ಸಿಗುವುದು?" ಎಂದು ಎದ್ದು ಹೊರಗೆ ಹೋದರು. ಅವರ ಹೆಂಡತಿ ತಂದಿಟ್ಟ ಚಹಾವನ್ನು ನಾನು ಕುಡಿದು ಬಂದೆ.

ನೋಟಿಸ್ ತಲುಪಿದ ಮೂರನೆಯ ದಿನ ಆಕೆಯೇ ಅಂಗಡಿಗೆ ಬಂದು, ರವಿಕೆ ಬಟ್ಟೆಯಲ್ಲಿ ಸುತ್ತಿದ 10,000 ರೂಪಾಯಿಗಳನ್ನು ಹೊಲಿಗೆ ಯಂತ್ರದ ಮೇಲಿಟ್ಟರು. ಉಳಿದದ್ದಕ್ಕೆ ಇನ್ನೂ ಬರಹವಿಲ್ಲ. ಅಂಗಡಿಯ ಬಿಲ್ ಪುಸ್ತಕದಲ್ಲೇ ರಸೀದಿ ಬರೆದು, ಬಾಕಿ 1,70,000 ಎಂದು ಕೆಳಗೆ ಕಾಣಿಸಿ ಕೊಟ್ಟೆ. ಆಕೆ ಅದನ್ನು ಮಡಚಿ ಸತ್ಯವೇದದ ಚೀಲದಲ್ಲಿಟ್ಟುಕೊಂಡರು. ಈ ಭಾನುವಾರ ಆಕೆಯ ಯಜಮಾನರು ನಮ್ಮ ಸಾಲಿನಲ್ಲಿ ಕೂರಲಿಲ್ಲ, ಕಿಟಕಿಯ ಹತ್ತಿರ ಕೂತಿದ್ದರು. ಸಮಾಧಾನ ಬಂದಾಗ ನನ್ನ ಕೈಗೆ ಅದನ್ನು ತಂದವರು ಆಕೆ.