ಬಹುಮಾನ ಬಂದ ಕಥೆನ ಸಂಕಲನಕ್ಕೆ ಸೇರಿಸ್ಬಹುದಾ?

ಮಳೆಹನಿ:
ಎಲ್ರಿಗೂ ನಮಸ್ಕಾರ. ಒಂದು ಖುಷಿ ವಿಷಯ, ಜೊತೆಗೊಂದು ಡೌಟು. ಈ ವರ್ಷ ನನ್ನ ಕಥೆಗೆ ಸ್ಪರ್ಧೆಲಿ ಎರಡನೇ ಬಹುಮಾನ ಬಂತು, ಇನ್ನೊಂದು ಕಥೆ ಮಾಸಪತ್ರಿಕೆಲಿ ಅಚ್ಚಾಯ್ತು, ಅದನ್ನ ಓದಿದ ಪ್ರಕಾಶಕರೊಬ್ರು ಸಂಕಲನ ತರೋಣ ಕಥೆಗಳನ್ನ ಕಳ್ಸಿ ಅಂತ ಮೇಲ್ ಮಾಡಿದಾರೆ, ನಂಗಿನ್ನೂ ನಂಬೋಕಾಗ್ತಿಲ್ಲ! ಆದ್ರೆ ಸ್ಪರ್ಧೆಯ ನಿಯಮದಲ್ಲಿ "ಬಹುಮಾನಿತ ಕಥೆಗಳ ಪ್ರಕಟಣೆಯ ಹಕ್ಕು ಆಯೋಜಕರದ್ದು" ಅಂತ ಒಂದು ಸಾಲಿದೆ. ಹಾಗಾದ್ರೆ ಆ ಕಥೆ ಕೈಬಿಡ್ಬೇಕಾ? ಮೂರನೇದೊಂದು ಕಥೆ ಬೇರೆ ಸ್ಪರ್ಧೆಗೆ ಹೋಗಿದೆ, ರಿಸಲ್ಟ್ ಬಂದಿಲ್ಲ, ಅದಂತೂ ಸಂಕಲನದಲ್ಲಿ ಇರ್ಲೇಬೇಕು ಅಂತ ಆಸೆ.

ಅಚ್ಚುಮೊಳೆ:
ಅಭಿನಂದನೆ! ಕೈಬಿಡೋ ಮಾತೇ ಬೇಡ. ಪ್ರಕಟಣೆಯ ಹಕ್ಕು ಬೇರೆ, ಕಾಪಿರೈಟ್ ಬೇರೆ. ಕಥೆ ಬರ್ದಾಗ್ಲೇ ಕಾಪಿರೈಟ್ ನಿಮ್ದಾಗತ್ತೆ, ಎಲ್ಲೂ ನೋಂದಣಿ ಮಾಡಿಸ್ಬೇಕಿಲ್ಲ, ಕಾಪಿರೈಟ್ ಬಗ್ಗೆ ದೇಶಗಳು ಮಾಡ್ಕೊಂಡಿರೋ ಬರ್ನ್ ಒಪ್ಪಂದಕ್ಕೆ 1908ರಲ್ಲಾದ ತಿದ್ದುಪಡಿಯಲ್ಲೇ ಇದು ಬಂದಿದ್ದು. ನೀವು ಬರ್ದಿರೋ ಆ ಸಾಲಲ್ಲಿ ತೊಂದರೆ ಏನಂದ್ರೆ ಒಂದ್ಸಲ ಅಚ್ಚು ಹಾಕೋ ಹಕ್ಕಾ, ಯಾವಾಗ್ಲೂ ಅವ್ರೊಬ್ರದ್ದೇನಾ ಅಂತ ಸ್ಪಷ್ಟ ಇಲ್ಲ. ಆಯೋಜಕರಿಗೆ ಒಂದು ಮೇಲ್ ಹಾಕಿ, "ನಿಮ್ಮ ಪುಸ್ತಕ ಹೊರಬಂದ ಮೇಲೆ ಈ ಕಥೆನ ನನ್ನ ಸಂಕಲನದಲ್ಲಿ ಸೇರಿಸ್ಬಹುದಾ" ಅಂತ ನೇರವಾಗಿ ಕೇಳಿ. ಫೋನಲ್ಲಿ ಹೂಂ ಅಂದ್ರೆ ಸಾಕಾಗಲ್ಲ, ಬರಹದಲ್ಲೇ ಉತ್ತರ ತಗೊಂಡು ಕರಾರಿಗೆ ಸಹಿ ಹಾಕೋ ಮುಂಚೆ ಪ್ರಕಾಶಕರಿಗೂ ಕಳ್ಸಿಬಿಡಿ.

ಪುಟಗುರುತು:
ಮೂರನೇ ಕಥೆ ಬಗ್ಗೆ ಸ್ವಲ್ಪ ಹುಷಾರು. ಸುಮಾರು ಸ್ಪರ್ಧೆಗಳಲ್ಲಿ "ಅಪ್ರಕಟಿತ" ಅನ್ನೋ ಷರತ್ತಿರತ್ತೆ, ಫೇಸ್‌ಬುಕ್ ಗೋಡೆ ಮೇಲೆ ಹಾಕಿದ್ರೂ ಪ್ರಕಟ ಆಯ್ತು ಅಂತಲೇ ಲೆಕ್ಕ ಹಿಡಿಯೋರಿದಾರೆ. ಪ್ರಕಾಶಕರು ಹಸ್ತಪ್ರತಿ ಓದಿದ್ರೆ ಅದು ಪ್ರಕಟಣೆ ಆಗಲ್ಲ, ಆದ್ರೆ ರಿಸಲ್ಟಿಗೆ ಮುಂಚೆ ಪುಸ್ತಕ ಬಂದ್ರೆ ಕಥೆ ಸ್ಪರ್ಧೆಯಿಂದ ಹೊರಗೆ ಹೋಗ್ಬಹುದು. ಡಿಟಿಪಿ, ಎರಡು ಮೂರು ಸಲ ಪ್ರೂಫು, ಮುಖಪುಟ, ಮುನ್ನುಡಿ ಬರಿಯೋರಿಗೆ ಕಾಯೋದು ಅಂತ ಹೇಗೂ ತಿಂಗಳುಗಳೇ ಹಿಡಿಯತ್ತಲ್ಲ, ಅದಕ್ಕೇ ಈಗ್ಲೇ ಪ್ರಕಾಶಕರಿಗೆ ವಿಷಯ ತಿಳಿಸಿ ಆ ಕಥೆನ ಕೊನೆಗೆ ಸೇರಿಸೋ ಹಾಗೆ ಜಾಗ ಇಟ್ಕೊಳ್ಳಿ.

ನೀಲಿಶಾಯಿ:
ಪತ್ರಿಕೆಲಿ ಬಂದ ಕಥೆಗೂ ಸಂಪಾದಕರಿಗೆ ಒಂದು ಮಾತು ಹೇಳಿ, ಪುಸ್ತಕದಲ್ಲಿ ಮೊದಲು ಎಲ್ಲಿ ಪ್ರಕಟ ಆಗಿತ್ತು ಅಂತ ಹಾಕಿ. ಲೇಖಕರ ಪರಿಚಯದಲ್ಲಿ "ಎರಡನೇ ಬಹುಮಾನ" ಅಂತಲೇ ಇರ್ಲಿ, ಬರೀ "ಬಹುಮಾನಿತ" ಅಂತ ತೇಲಿಸೋದು ನಂಗಂತೂ ಇಷ್ಟ ಆಗಲ್ಲ, ಎರಡನೇದೂ ದೊಡ್ಡದೇ ಕಣ್ರೀ.

ಇನ್ನೊಂದು, ಪುಟ ಸಾಲಲ್ಲ ಅಂತ ಅವಸರದಲ್ಲಿ ಹೊಸ ಕಥೆ ಬರ್ದು ತುಂಬಿಸ್ಬೇಡಿ. 2025ರಲ್ಲಿ ಬೂಕರ್ ಇಂಟರ್‌ನ್ಯಾಷನಲ್ ಬಂದ ಬಾನು ಮುಷ್ತಾಕ್ ಅವರ ಸಂಕಲನದಲ್ಲಿ ಇರೋದು 12 ಕಥೆ, ಅವು ಮೊದಲು ಪ್ರಕಟ ಆಗಿದ್ದು 1990ರಿಂದ 2023ರವರೆಗೆ, ಅಂದ್ರೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದ ಬರವಣಿಗೆಯಿಂದ ಆರಿಸಿದ್ದು. ನಿಮ್ಮ ಹತ್ರ ಗಟ್ಟಿ ಕಥೆ ಈಗ ಎಷ್ಟಿವೆ?

ಮಳೆಹನಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಆಯೋಜಕರಿಗೆ ಈಗಷ್ಟೇ ಮೇಲ್ ಹಾಕ್ದೆ. ನೀಲಿಶಾಯಿ ಅವ್ರೇ, ಗಟ್ಟಿ ಅಂತ ಧೈರ್ಯವಾಗಿ ಹೇಳ್ಬಹುದಾದ್ದು ಆರು ಇದೆ. ಉಳಿದವಕ್ಕೆ ಒಂದು ವರ್ಷ ಟೈಮ್ ಕೊಡ್ತೀರಾ ಅಂತ ಪ್ರಕಾಶಕರನ್ನೇ ಕೇಳ್ತೀನಿ.